ಉಪ್ಪು ಮೊದಲೇ ಹಾಕಿದರೆ ಕಾಳು ಬೇಯುವುದಿಲ್ಲವೇ?

ಪ್ರಶ್ನೆ: ಕಾಳು ಬೇಯಲು ಇಡುವಾಗಲೇ ಉಪ್ಪು ಹಾಕಲು ನಮ್ಮತ್ತೆ ಬಿಡುವುದಿಲ್ಲ. ‘ಉಪ್ಪು ಬಿದ್ದರೆ ಕಾಳು ಬೇಯಲ್ಲಮ್ಮ, ಕಲ್ಲಾಗುತ್ತೆ’ ಅನ್ನುತ್ತಾರೆ. ತವರಿನಲ್ಲೂ ಇದನ್ನೇ ಕೇಳಿ ಬೆಳೆದವಳು ನಾನು. ಇದು ನಿಜವೇ?

ಉತ್ತರ: ನಿಜವಲ್ಲ. ಕಡಲೆ, ಅಲಸಂದೆ, ಹುರುಳಿಯಂಥ ಸಿಪ್ಪೆ ಇರುವ ಕಾಳುಗಳನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಇನ್ನೂ ಮೆತ್ತಗೆ ಬೇಯುತ್ತವೆ. ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಸಾಕು. ಬೆಳಿಗ್ಗೆ ಆ ನೀರು ಬಸಿದು, ಹೊಸ ನೀರಿನಲ್ಲಿ ಬೇಯಿಸಿ.

ಕಾಳಿನ ಜೀವಕೋಶಗಳ ನಡುವೆ, ಇಟ್ಟಿಗೆಗಳ ಮಧ್ಯದ ಗಾರೆಯ ಹಾಗೆ, ಪೆಕ್ಟಿನ್ ಎಂಬ ಅಂಟು ಇರುತ್ತದೆ. ಅದಕ್ಕೆ ಬಿಗಿ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನಲ್ಲಿರುವ ಸೋಡಿಯಂ ಅವುಗಳ ಜಾಗದಲ್ಲಿ ಕೂತರೆ ಬಿಗಿ ಸಡಿಲವಾಗುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ.

ಹಾಗಂತ ಅತ್ತೆಯವರು ಕಂಡದ್ದು ಸುಳ್ಳು ಅನ್ನಲಾರೆ. ಅವರ ಕಾಳು ಬೇಯದೆ ಸತಾಯಿಸಿರಬಹುದು, ಆದರೆ ಕಾರಣ ಬೇರೆ. ಮುಖ್ಯವಾಗಿ ಹುಳಿ. ಹುಣಸೆರಸ, ಟೊಮೇಟೊ ಮೊದಲೇ ಬಿದ್ದರೆ ಪೆಕ್ಟಿನ್ ಕರಗುವುದಿಲ್ಲ. ಎಷ್ಟು ಕುದಿಸಿದರೂ ಕಾಳು ನರುಕು ನರುಕಾಗಿಯೇ ಉಳಿಯುತ್ತದೆ. ನಮ್ಮ ಅಡುಗೆಯಲ್ಲಿ ಉಪ್ಪು, ಹುಳಿ, ಖಾರ ಬೀಳುವುದು ಒಟ್ಟಿಗೇ ಅಲ್ಲವೇ? ಹುಳಿ ಮಾಡಿದ ತಪ್ಪಿಗೆ ಉಪ್ಪಿಗೂ ಬೈಗುಳ ಬಿದ್ದಿದೆ ಅಂತ ನನ್ನ ಅನುಮಾನ. ಹಳೆಯ ಕಾಲದ ಹರಳುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೂ ಬೆರೆತಿರುತ್ತಿದ್ದವು. ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರೊಡೆಯುತ್ತಿದ್ದುದಕ್ಕೆ ಮೆಗ್ನೀಸಿಯಂ ಲವಣವೂ ಕಾರಣ. ಉಪ್ಪಿನ ಮೇಲಿನ ಗುಮಾನಿಗೆ ಅದೂ ಸ್ವಲ್ಪ ಇಂಬು ಕೊಟ್ಟಿರಬಹುದು.

‘ನಮ್ಮೂರ ನೀರಿಗೆ ಬೇಳೆ ಬೇಯಲ್ಲ’ ಎಂಬ ಇನ್ನೊಂದು ಮಾತಿದೆಯಲ್ಲ, ಅದು ಮಾತ್ರ ನೂರಕ್ಕೆ ನೂರು ಸರಿ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಿನಲ್ಲಿ ಮೇಲೆ ಹೇಳಿದ ಎರಡೂ ಖನಿಜಗಳು ಧಾರಾಳವಾಗಿರುತ್ತವೆ. ಅಂಥ ಊರಲ್ಲಿ ಕಾಳು ಬೇಯಿಸಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ. ಸೋಡಾ ಪುಡಿ ಹಾಕಿದರೂ ಕಾಳು ಬೇಗ ಬೇಯುತ್ತದೆ ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ, ಸ್ವಲ್ಪ ಹೆಚ್ಚಾದರೂ ಸಾಬೂನಿನ ವಾಸನೆ ಬೇರೆ. ಡಬ್ಬದಲ್ಲಿ ವರ್ಷಗಟ್ಟಲೆ ಕೂತ ಹಳೇ ಕಾಳಿಗಂತೂ ಕುಕ್ಕರೇ ಗತಿ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಶಾಖ 120ರ ಹತ್ತಿರ ಹೋಗುತ್ತದೆ.

ಬಸ್ಸಾರು ಮಾಡುವವರಿಗೆ ಇನ್ನೊಂದು ಲಾಭ: ಉಪ್ಪು ಮೊದಲೇ ಹಾಕಿದರೆ ಕಾಳಿನ ಒಳಗೂ ರುಚಿ ಹಿಡಿಯುತ್ತದೆ, ಪಲ್ಯ ಸಪ್ಪೆ ಹೊಡೆಯುವುದಿಲ್ಲ.

ಸಿಪ್ಪೆ ತೆಗೆದ ತೊಗರಿಬೇಳೆಗೆ ಉಪ್ಪು ಯಾವಾಗ ಹಾಕಿದರೂ ಹೆಚ್ಚು ವ್ಯತ್ಯಾಸವಿಲ್ಲ. ಬೇಳೆಗೆ ಅರಿಶಿನದ ಜೊತೆ ಅರ್ಧ ಚಮಚ ಎಣ್ಣೆ ಬಿಡುವ ಅಭ್ಯಾಸವಿದ್ದರೆ ಅದನ್ನು ಮಾತ್ರ ಬಿಡಬೇಡಿ: ಎಣ್ಣೆ ನೊರೆಯನ್ನು ತಗ್ಗಿಸುತ್ತದೆ, ಕುಕ್ಕರಿನ ಮುಚ್ಚಳದ ತೂತು ಕಟ್ಟಿಕೊಳ್ಳುವುದಿಲ್ಲ.