ಮೊದಲು ಸೌದೆ ಕೊಟ್ಟಿಗೆ, ಆಮೇಲೆ ಬಾಯ್ಲರ್

ಮೂಡಿಗೆರೆ, ಸಕಲೇಶಪುರ ಕಡೆಯ ತೋಟದ ಮನೆಗಳಿಂದ ಫೋನ್ ಬಂದರೆ ಮೊದಲ ಪ್ರಶ್ನೆ ಒಂದೇ: "ಮನೆ ಬೆಚ್ಚಗಿಡೋಕೆ ಎಷ್ಟು ಲೀಟರಿನ ಸೌದೆ ಬಾಯ್ಲರ್ ಹಾಕಿಸೋಣ?" ನಾನು ತಿರುಗಿ ಕೇಳುತ್ತೇನೆ, "ಸೌದೆ ಎಲ್ಲಿಡ್ತೀರಿ?"

ಮನೆ ಹೊರಗೆ ಬೆಂಕಿ, ಒಳಗೆ ಬಿಸಿ. ನಮ್ಮ ಬಚ್ಚಲ ಹಂಡೆಯದೇ ದೊಡ್ಡ ರೂಪ ಇದು. ಒಲೆಯ ಸುತ್ತ ನೀರು ತುಂಬಿರುತ್ತದೆ. ಆ ಬಿಸಿನೀರು ನೆಲದಡಿಯ ಪೈಪಿನಲ್ಲಿ ಕೋಣೆಯ ರೇಡಿಯೇಟರಿಗೆ, ಅಂದರೆ ಕೋಣೆಗೆ ಶಾಖ ಬಿಡುವ ಲೋಹದ ಪೆಟ್ಟಿಗೆಗೆ, ಹೋಗಿ ವಾಪಸ್ ಬರುತ್ತದೆ.

ಮಲೆನಾಡಿನಲ್ಲಿ ಬೆಚ್ಚಗೆ ಬೇಕಾಗುವುದು ಜುಲೈ, ಆಗಸ್ಟ್ ಮಳೆಯಲ್ಲಿ. ಆಗ ಕೈಗೆ ಸಿಗುವುದು ಮುಂಗಾರಿಗೆ ಮೊದಲು ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವುದು) ಮಾಡಿಸಿದಾಗ ಬಿದ್ದ ಹಸಿ ಸಿಲ್ವರ್ ಓಕ್, ಹಾಲುವಾಣ. ಹಸಿ ಸೌದೆಯ ತೂಕದಲ್ಲಿ ಹತ್ತಿರತ್ತಿರ ಅರ್ಧ ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಉಳಿದದ್ದು ನಿಮಗೆ. ಲೆಕ್ಕ ನೋಡಿ. ಸ್ನಾನದ ನೀರನ್ನೇ ತಗೊಳ್ಳಿ: 250 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ತರಲು ಸುಮಾರು 7 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಾಖ ಬೇಕು. ಚೆನ್ನಾಗಿ ಒಣಗಿದ ಸೌದೆ ಕೆಜಿಗೆ 4 ಯೂನಿಟ್ ಕೊಡುತ್ತದೆ. ಅರ್ಧ ಚಿಮಣಿಯಲ್ಲಿ ಹೋದರೂ ನಾಲ್ಕು ಕೆಜಿ ಸಾಕು. ಹಸಿಯದಾದರೆ ಎರಡು ಪಟ್ಟಿಗೂ ಜಾಸ್ತಿ ಸುರಿಯಬೇಕು, ಹೊಗೆ ಬೇರೆ. ಹಾಗಾಗಿ ಈ ವರ್ಷ ಕಡಿದದ್ದು ಮುಂದಿನ ವರ್ಷಕ್ಕೆ. ಸೀಳಿಸಿ, ನೆಲದಿಂದ ಒಂದಡಿ ಎತ್ತರಿಸಿ ಜೋಡಿಸಿ. ಮೇಲೆ ತಗಡು ಇರಲಿ, ಪಕ್ಕ ತೆರೆದಿರಲಿ. ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ ಇದ್ದರೆ ಅದೃಷ್ಟ. ಗಟ್ಟಿ ಮರ, ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ.

ಇನ್ನು ಅಳತೆ. "ಇರಲಿ ಬಿಡಿ" ಅಂತ ದೊಡ್ಡದು ತರುವುದು ಬೇಡ. ದೊಡ್ಡ ಬಾಯ್ಲರಿನ ಗಾಳಿ ಮುಚ್ಚಿ ಇಡೀ ದಿನ ಮಂದವಾಗಿ ಉರಿಸಿದರೆ ಸೌದೆ ಪೂರ್ತಿ ಉರಿಯುವುದಿಲ್ಲ. ವಾಪಸ್ ಬರುವ ನೀರು 60 ಡಿಗ್ರಿಗಿಂತ ತಣ್ಣಗಿದ್ದರೆ ಒಲೆಯ ಒಳಗೋಡೆ ಬೆವರುತ್ತದೆ. ಅದಕ್ಕೆ ಟಾರು ಮೆತ್ತಿಕೊಂಡು ಕಬ್ಬಿಣ ಒಳಗಿಂದಲೇ ತಿಂದುಹೋಗುತ್ತದೆ. ಇಂಥ ಬಾಯ್ಲರುಗಳನ್ನು ಬಿಚ್ಚಿ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಚಿಕ್ಕದನ್ನು ಜೋರಾಗಿ ಉರಿಸಿ, ಶಾಖವನ್ನು ಇನ್ಸುಲೇಷನ್ ಮಾಡಿದ ಟ್ಯಾಂಕಿನಲ್ಲಿ ಕೂಡಿಡಿ.

ಪೈಪಿನ ಕಾಲುವೆಯಲ್ಲಿ ಮಳೆನೀರು ನಿಂತರೆ ಶಾಖವೆಲ್ಲ ಮಣ್ಣುಪಾಲು. ಇಳಿಜಾರು ಕೊಡಿಸಿ. ಹೆಂಚಿನ ಮನೆಯಲ್ಲಿ ಬಿಸಿಗಾಳಿ ಸಂದಿಯಲ್ಲೇ ಹಾರಿಹೋಗುತ್ತದೆ, ಅಲ್ವಾ? ಇಡೀ ಮನೆ ಬೇಡ. ವಯಸ್ಸಾದವರು ಮಲಗುವ ಒಂದು ಕೋಣೆಗೆ ಸೀಲಿಂಗ್ ಹೊಡೆಸಿ, ಅದನ್ನಷ್ಟೇ ಬೆಚ್ಚಗಿಡಿ.

ಚಿಮಣಿ ಮಾಡಿನ ಮೇಲ್ತುದಿಗಿಂತ ಎತ್ತರ ಇರಬೇಕು. ಮಂಜು ಕವಿದ ಬೆಳಿಗ್ಗೆ ಹೊಗೆ ಮೇಲೇಳದೆ ಪಕ್ಕದಲ್ಲಿರುವ ತೋಟದ ಕಾರ್ಮಿಕರ ಲೈನ್ ಮನೆಗಳ ಮೇಲೇ ಕೂರುತ್ತದೆ. ಅಲ್ಲಿ ಪುಟ್ಟ ಮಕ್ಕಳೂ ಇರುತ್ತಾರೆ.

ಬಾಯ್ಲರ್ ಕೆಟ್ಟ ದಿನ ದಯವಿಟ್ಟು ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಅವತ್ತು ಇನ್ನೊಂದು ಕಂಬಳಿ ಹೊದ್ದುಕೊಳ್ಳಿ.