ಜಲರಾಶಿಯ ‘ರಾಶಿ’

ಕೋಡಿ ಹರಿಯುವ ಕೆರೆಯನ್ನು ಕಂಡು ‘ಅಪಾರ ಜಲರಾಶಿ’ ಎಂದು ಬರೆಯುವವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಚಿಂತಾಮಣಿಯ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ‘ಧ್ರುವ ಸಮುದ್ರದ ಜಲರಾಶಿ, ಅಂದರೆ ಅಲ್ಲಿನ ನೀರಿನ ಒಟ್ಟು ತೂಕ’ ಎಂಬ ಭಿತ್ತಿಪತ್ರವನ್ನು ಓದಿದಾಗ, ಈ ತಪ್ಪನ್ನು ಎಷ್ಟನೆಯ ಸಲ ನೋಡುತ್ತಿದ್ದೇನೆ ಎಂಬ ಲೆಕ್ಕವೇ ಸಿಗಲಿಲ್ಲ.

ಭೌತಶಾಸ್ತ್ರದ ‘ದ್ರವ್ಯರಾಶಿ’ಯನ್ನು ಕಿಲೋಗ್ರಾಂಗಳಲ್ಲಿ ಅಳೆದು ರೂಢಿಯಾದವರಿಗೆ ರಾಶಿ ಎಂದೊಡನೆ ತಕ್ಕಡಿ ನೆನಪಾಗುತ್ತದೆ. ಸಂಸ್ಕೃತದಲ್ಲಿ ರಾಶಿಯೆಂದರೆ ಗುಡ್ಡೆ, ಗುಂಪು. ಪಂಚಾಂಗದ ಹನ್ನೆರಡು ರಾಶಿಗಳನ್ನು ಯಾರೂ ತೂಗುವುದಿಲ್ಲ. ನಮ್ಮ ಕಡೆ ರಾಗಿಯನ್ನು ಒಕ್ಕಿ, ತೂರಿ, ಕಣದಲ್ಲಿ ಗುಡ್ಡೆ ಹಾಕಿದ್ದೂ ರಾಶಿಯೇ. ಎರಡು ಹೊಲಗಳ ರಾಗಿಯನ್ನು ಬೇರೆ ಬೇರೆ ರಾಶಿ ಮಾಡಿದ್ದರೆ, ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ, ಕಾಳಿನ ಬಣ್ಣ ಮತ್ತು ದಪ್ಪ ನೋಡಿ, ಯಾವುದು ಯಾವ ಹೊಲದ್ದೆಂದು ಹೇಳುವ ಹಿರಿಯರು ಈಗಲೂ ಇದ್ದಾರೆ. ಸಾಗರಶಾಸ್ತ್ರದ ಜಲರಾಶಿ ಈ ಅರ್ಥದ್ದು: ಒಂದೆಡೆ ರೂಪುಗೊಂಡು, ಅಲ್ಲಿನ ಉಷ್ಣತೆಯನ್ನೂ ಲವಣಾಂಶವನ್ನೂ ಗುರುತಾಗಿ ಹೊತ್ತು ಸಾಗುವ ನೀರು. ಸಾಗರ ಪ್ರವಾಹ ಎಂಬುದು ಆ ನೀರಿನ ಚಲನೆ. ಎರಡನ್ನೂ ಒಂದೇ ಮಾಡುವುದು ಗಾಡಿಯನ್ನೂ ಮೂಟೆಯನ್ನೂ ಒಂದೇ ಎಂದಂತೆ.

ಉದಾಹರಣೆಗೆ, ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ಯ ಎದುರಿಗೇ ಇರುವ, 2014ರಲ್ಲಿ ನಮ್ಮವರು ‘ಇಂಡಾರ್ಕ್’ ಎಂಬ ಮಾಪನ ಸಾಧನಗಳ ಸಾಲನ್ನು ಇಳಿಬಿಟ್ಟ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ, ಬೇಸಿಗೆಯ ಹೊತ್ತು ಮೇಲೆ ಹಿಮನದಿ ಕರಗಿದ ಸಪ್ಪೆ ನೀರು, ಅದರ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ಉಪ್ಪು ನೀರು ಇರುತ್ತವೆ: ಒಂದೇ ಕೊಲ್ಲಿ, ಎರಡು ಜಲರಾಶಿ.

ಬೆಚ್ಚನೆಯದು ಕೆಳಗಿರಲು ಸಾಧ್ಯವೇ ಎಂದು ಕೇಳುವವರು ಅಂಟಾರ್ಕ್ಟಿಕಾದ ಅಮುಂಡ್ಸೆನ್ ಸಮುದ್ರವನ್ನು ನೋಡಬೇಕು. ಅಲ್ಲಿ ಹಿಂದಿನ ಚಳಿಗಾಲ ಉಳಿಸಿಹೋದ, ಸುಮಾರು –1.8 ಡಿಗ್ರಿಯ ನೀರಿನ ಅಡಿಯಲ್ಲಿ, ಸುಮಾರು +1 ಡಿಗ್ರಿಯ ಆಳದ ನೀರು ನುಸುಳಿ ಹಿಮವನ್ನು ತಳದಿಂದ ಕರಗಿಸುತ್ತದೆ. ಇಷ್ಟು ತಣ್ಣನೆಯ ನೀರಿನಲ್ಲಿ ಸಾಂದ್ರತೆಯನ್ನು ನಿರ್ಧರಿಸುವುದು ಮುಖ್ಯವಾಗಿ ಉಪ್ಪು.

ಸಮುದ್ರದ ನೀರು ಮೇಲ್ಮೈಯಲ್ಲಿ ಸುಮಾರು –1.9 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಒತ್ತಡ ಏರಿದಂತೆ ಈ ಮಿತಿ ಇನ್ನೂ ಇಳಿಯುವುದರಿಂದ, ಸಮುದ್ರದ ಮೇಲೆ ಚಾಚಿದ ದಪ್ಪ ಹಿಮದ ತಳವನ್ನು ಸವರಿ ಬಂದ ನೀರು ಅದಕ್ಕಿಂತಲೂ ತಣ್ಣಗಿದ್ದು ದ್ರವವಾಗಿಯೇ ಇರುತ್ತದೆ. ಹಿಮದಿಂದ ದೂರದ ಆಳದಲ್ಲಿ –2 ಡಿಗ್ರಿಯ ನೀರು ಸಿಕ್ಕರೆ, ಅದು ಎಲ್ಲಿಗೆ ಹೋಗಿಬಂದದ್ದೆಂದು ಉಷ್ಣಮಾಪಕವೇ ಹೇಳುತ್ತದೆ. ತಕ್ಕಡಿಗೆ ಅಲ್ಲಿ ಕೆಲಸವಿಲ್ಲ.