ಒತ್ತಡಕ್ಕೆ ಕೆಲವರು ಊದುತ್ತಾರೆ, ಕೆಲವರು ಸೊರಗುತ್ತಾರೆ

ಆಫೀಸಿನ ಟೆನ್ಷನ್‌ಗೆ ಹೊಟ್ಟೆ ಬಂತು ಎನ್ನುವವರಿದ್ದಾರೆ. ಅದೇ ಟೆನ್ಷನ್‌ಗೆ ಊಟ ಸೇರದೆ ಇಳಿದುಹೋದೆ ಎನ್ನುವವರೂ ಇದ್ದಾರೆ. ಎರಡೂ ನಿಜ. ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ. ಮೈಕೆಲ್ ಮಾರ್ಮಟ್ ಮುಂದಾಳತ್ವದಲ್ಲಿ 1985ರಲ್ಲಿ ಶುರುವಾದ ಎರಡನೆಯ ವೈಟ್‌ಹಾಲ್ ಅಧ್ಯಯನಕ್ಕೆ 20 ಇಲಾಖೆಗಳ 10,308 ನೌಕರರು ಸೇರಿದರು. ಎಲ್ಲರೂ 35ರಿಂದ 55 ವಯಸ್ಸಿನವರು.

ಅಲ್ಲಿ ಒತ್ತಡವನ್ನು ಅಳೆದ ಬಗೆ ಮುಖ್ಯವಾದದ್ದು. ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಮುಂದಿಟ್ಟ ಮಾದರಿಯ ಪ್ರಕಾರ, ಕೆಲಸ ಹೆಚ್ಚಿದ್ದ ಮಾತ್ರಕ್ಕೆ ಅದು ಹಾನಿಕರ ಒತ್ತಡವಲ್ಲ. ಕೆಲಸ ಮೈತುಂಬ ಇದ್ದು, ಅದನ್ನು ಯಾವಾಗ, ಹೇಗೆ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಮಾತ್ರ ಕೈಯಲ್ಲಿಲ್ಲದಿದ್ದಾಗ ದೇಹ ಬಸವಳಿಯುತ್ತದೆ. ಇಂಥ ಕೆಲಸದಲ್ಲಿದ್ದ ಗಂಡಸರ ತೂಕವನ್ನು ಐದು ವರ್ಷಗಳ ನಂತರ ನೋಡಿದಾಗ, ಮೊದಲೇ ತೆಳ್ಳಗಿದ್ದವರು, ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22ಕ್ಕಿಂತ ಕಡಿಮೆ ಇದ್ದವರು, ಇಳಿಯುವ ಕಡೆಗೆ ವಾಲಿದ್ದರು. 27 ದಾಟಿದ್ದವರು ಏರುವ ಕಡೆಗೆ. ಎಲ್ಲರನ್ನೂ ಒಟ್ಟುಗೂಡಿಸಿ ಸರಾಸರಿ ತೆಗೆದರೆ ಈ ಎರಡು ದಾರಿಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹೆಂಗಸರಲ್ಲಿ ಈ ಕವಲು ಕಾಣಲಿಲ್ಲ.

ದೇಹದೊಳಗೆ ನಡೆಯುವುದೂ ಎರಡು ಹಂತಗಳಲ್ಲಿ. ಬೈಗುಳ ಕೇಳಿದ ಆ ಗಳಿಗೆಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ, ಜಠರದ ಕೆಲಸ ನಿಧಾನವಾಗುತ್ತದೆ, ಹಸಿವು ಅಡಗುತ್ತದೆ. ಒತ್ತಡ ವಾರಗಟ್ಟಲೆ ಎಳೆದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನಿನ ಪಾಲು ದೊಡ್ಡದಾಗುತ್ತದೆ. ಅದು ಹಸಿವನ್ನು ಕೆರಳಿಸಿ ಸಿಹಿ, ಎಣ್ಣೆ ತಿಂಡಿಗಳತ್ತ ಎಳೆಯುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನಲ್ಲಿ ಕಾರ್ಟಿಸಾಲ್‌ಗೆ ಓಗೊಡುವ ಗ್ರಾಹಕಗಳು ಹೆಚ್ಚು. ಆದ್ದರಿಂದ ಕೊಬ್ಬು ಸೊಂಟದ ಸುತ್ತಲೇ ಕೂರುತ್ತದೆ. ನಿದ್ದೆ ಕೆಟ್ಟರಂತೂ ಇನ್ನೂ ಕಷ್ಟ. ಶಿಕಾಗೋದಲ್ಲಿ 12 ಆರೋಗ್ಯವಂತ ಯುವಕರಿಗೆ ಎರಡು ರಾತ್ರಿ ನಾಲ್ಕೇ ತಾಸು ಮಲಗಲು ಬಿಟ್ಟಾಗ, ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ 18% ಇಳಿದು, ಹಸಿವೆಬ್ಬಿಸುವ ಗ್ರೆಲಿನ್ 28% ಏರಿತ್ತು.

ಇನ್ನು ಸ್ವಭಾವ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸುಮಾರು ಎರಡು ಸಾವಿರ ಜನರನ್ನು ದಶಕಗಳ ಕಾಲ ತೂಗಿದ ದಾಖಲೆಗಳು 2011ರಲ್ಲಿ ಪ್ರಕಟವಾದವು. ಮನಸ್ಸಿಗೆ ಬಂದದ್ದನ್ನು ತಡೆಯಲಾಗದ ಸ್ವಭಾವದ ಅಳತೆಯಲ್ಲಿ ಮೇಲಿನ 10% ಮಂದಿ, ಕೆಳಗಿನ 10% ಮಂದಿಗಿಂತ ಸರಾಸರಿ ಸುಮಾರು 10 ಕೆಜಿ ಹೆಚ್ಚು ತೂಗುತ್ತಿದ್ದರು. ಶಿಸ್ತು, ಅಚ್ಚುಕಟ್ಟು ಇರುವವರು ತೆಳ್ಳಗಿದ್ದರು. ಇದನ್ನು ಸೋಮಾರಿತನದ ಪುರಾವೆ ಎಂದು ಓದಬಾರದು. ಕೈಗೆಟಕುವ ದೂರದಲ್ಲಿ ಏನಿದೆ ಎಂಬುದು ಇಂಥವರಿಗೆ ಹೆಚ್ಚು ಲೆಕ್ಕಕ್ಕೆ ಬರುತ್ತದೆ ಎಂದು ಓದುವುದು ನ್ಯಾಯ.

ಹಾಗಾಗಿ ಎಲ್ಲರಿಗೂ ಒಂದೇ ಡಯಟ್ ಚಾರ್ಟ್ ಕೊಡುವುದು ತಪ್ಪು. ಮೊದಲು ಎರಡು ವಾರ ಒಂದು ಚೀಟಿ ಇಡಿ: ಊಟದ ಹೊತ್ತಲ್ಲದೆ ತಿಂದದ್ದು, ಗಂಟೆ, ಆಗ ಹಸಿವಿತ್ತೋ ಬೇಸರವಿತ್ತೋ, ಇಷ್ಟೇ. ಚಹಾವನ್ನು ಬಿಡದೆ ಬರೆಯಿರಿ. ಒಂದು ಲೋಟಕ್ಕೆ ಹಾಕುವ ಎರಡು ಟೀ ಚಮಚ ಸಕ್ಕರೆ ಸುಮಾರು 8ರಿಂದ 10 ಗ್ರಾಂ. ದಿನಕ್ಕೆ ನಾಲ್ಕು ಲೋಟವಾದರೆ 40 ಗ್ರಾಂ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯದೆನ್ನುವ ಮಿತಿ ದಿನಕ್ಕೆ ಸುಮಾರು 25 ಗ್ರಾಂ.

ದುಡುಕು ಸ್ವಭಾವದವರು ಮನೋಬಲವನ್ನು ನೆಚ್ಚದೆ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನಿಂದ ದೂರವಿಡುವುದು, ಮನೆಯಿಂದ ಕಡಲೆಯನ್ನು ಒಂದು ಹಿಡಿಯಷ್ಟೇ ತರುವುದು ಫಲ ಕೊಡುತ್ತದೆ. ಆತಂಕದ ಸ್ವಭಾವದವರಿಗೆ ತಕ್ಕಡಿಯೇ ಹೊಸ ಆತಂಕವಾಗಬಹುದು. ಅವರು ದಿನವೂ ತೂಗಿಕೊಳ್ಳದೆ ತಿಂಗಳಿಗೊಮ್ಮೆ ಸೊಂಟ ಅಳೆದರೆ ಸಾಕು. ಅಳತೆ ಪ್ಯಾಂಟ್ ಕಟ್ಟುವ ಜಾಗದಲ್ಲಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚಿನ ನಡುಮಧ್ಯೆ ಟೇಪನ್ನು ಅಡ್ಡಕ್ಕೆ ಸಮವಾಗಿ ಹಿಡಿದು, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಎಳೆದುಕೊಂಡರೆ ಲೆಕ್ಕ ಕೆಡುತ್ತದೆ. ಭಾರತೀಯ ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ ಗಡಿ.

ಸೊರಗುವವರನ್ನು ಯಾರೂ ಗಮನಿಸುವುದಿಲ್ಲ, ಮೆಚ್ಚುವವರೇ ಹೆಚ್ಚು. ಅವರು ಮಧ್ಯಾಹ್ನದ ಊಟಕ್ಕೆ ಮೀಟಿಂಗಿನಂತೆಯೇ ಸಮಯ ಕಾದಿರಿಸಬೇಕು. ಪ್ರಯತ್ನವಿಲ್ಲದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ 5%, ಅಂದರೆ 70 ಕೆಜಿಯವರಿಗೆ ಮೂರೂವರೆ ಕೆಜಿ ಇಳಿದಿದ್ದರೆ, ಅದನ್ನು ಟೆನ್ಷನ್ ತಲೆಗೆ ಕಟ್ಟದೆ ವೈದ್ಯರ ಬಳಿ ಹೋಗಿ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಬೇಕು.